ಎಲ್ಲರ ರಿಪೋರ್ಟಿನ ಕೊನೆಯ ಸಾಲು

ಜನವರಿ 9

ಸ್ಕ್ಯಾನಿಂಗ್ ಸೆಂಟರಿನಲ್ಲಿ ಇವತ್ತು ಅರವತ್ತೆರಡು ರಿಪೋರ್ಟ್. ಹೆಡ್‌ಫೋನ್ ಹಾಕಿ ಹಾಕಿ ಕಿವಿ ಉರಿಯುತ್ತಿದೆ. ಡಾಕ್ಟರು ಒಳಗೆ ಅಲ್ಟ್ರಾಸೌಂಡ್ ಸ್ಕ್ಯಾನ್ ನೋಡುತ್ತ ರೆಕಾರ್ಡರಿಗೆ ಹೇಳುತ್ತಾರೆ, ಹೊರಗೆ ಕೂತು ನಾನು ಟೈಪ್ ಮಾಡಬೇಕು. ಮಾತಿಗೊಮ್ಮೆ ಬುಸ್ ಅಂತ ಉಸಿರು ಬಿಡುತ್ತಾರೆ. ಬುಸ್ ಡಾಕ್ಟರ್ ಅಂತಲೇ ಹೆಸರು. ನಾನೇ ಇಟ್ಟದ್ದು.

ಮಧ್ಯಾಹ್ನ ಮ್ಯಾನೇಜರ್ ಟೈ ಸರಿಮಾಡಿಕೊಳ್ಳುತ್ತ ಬಂದ. ಎಲ್ಲ ಬ್ರಾಂಚಿಗೂ ಹೊಸ ಫಾರ್ಮ್ಯಾಟ್ ಅಂತೆ. ತೆರೆದು ನೋಡಿದರೆ ಕೊನೆಗೆ ಒಂದು ಸಾಲು ತಾನಾಗಿಯೇ ಬಂದು ಕೂತಿದೆ — "ಗಂಭೀರ ಕಾಯಿಲೆ ಇಲ್ಲವೆನ್ನಲಾಗದು, ಖಚಿತಪಡಿಸಿಕೊಳ್ಳಲು ಸಿ.ಟಿ. ಸ್ಕ್ಯಾನ್ ಸೂಕ್ತ." ಯಾರ ರಿಪೋರ್ಟ್ ತೆರೆದರೂ ಅದೇ. ಅಳಿಸಲು ಹೋದೆ. ಅಳಿಯುವುದಿಲ್ಲ.

"ಇದನ್ನ ಡಾಕ್ಟರ್ ಹೇಳಿಲ್ವಲ್ಲ ಸರ್?"

"ಸುಳ್ಳೇನಲ್ವಲ್ಲ. ಕಾಯಿಲೆ ಇಲ್ವೇ ಇಲ್ಲ ಅಂತ ಯಾರಿಗಾದ್ರೂ ಗ್ಯಾರಂಟಿ ಕೊಡೋಕಾಗುತ್ತಾ?"

ಗ್ಯಾರಂಟಿಯಂತೆ! ಹೋದ ತಿಂಗಳು ಕೆಳಗಿನ ಮಹಡಿಗೆ ಹೊಸ ಸಿ.ಟಿ. ಮೆಷಿನ್ ಬಂದಿದೆ. ಅದರ ಹೊಟ್ಟೆ ತುಂಬಿಸಬೇಕಲ್ಲ, ಅದಕ್ಕೆ.

ಜನವರಿ 21

ಶಾಲೆಯೊಂದರ ವಾಚ್‌ಮನ್. ಹೊಟ್ಟೆನೋವು ಅಂತ ಬಂದಿದ್ದ. ಬುಸ್ ಡಾಕ್ಟರ್ ರೆಕಾರ್ಡಿಂಗಿನಲ್ಲಿ ಹೇಳಿದ್ದು — ಎಲ್ಲ ಸರಿಯಿದೆ, ಗ್ಯಾಸ್ಟ್ರಿಕ್ ಅಷ್ಟೆ. ಆ ಮನುಷ್ಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ನನ್ನ ಕಿಟಕಿಗೆ ಬಂದ.

"ಮೇಡಂ, ಗಂಭೀರ ಅಂದ್ರೆ... ಕ್ಯಾನ್ಸರಾ?"

ಪಕ್ಕದಲ್ಲೇ ಟೈ ಮ್ಯಾನೇಜರ್ ನಿಂತಿದ್ದ. "ಡಾಕ್ಟರನ್ನ ಕೇಳಿ" ಅಂದೆ. ಅವನ ಹೆಂಡತಿ ಅಲ್ಲೇ ಕಿವಿಯ ಓಲೆ ಬಿಚ್ಚಿದಳು. ಸಾಯಂಕಾಲದ ಹೊತ್ತಿಗೆ ಸಿ.ಟಿ. ಆಯಿತು. ಏನೂ ಇಲ್ಲ. ಏನೂ ಇಲ್ಲ ಅಂದದ್ದಕ್ಕೆ ಇಬ್ಬರೂ ನಮಗೇ ಕೈಮುಗಿದು ಹೋದರು.

ಫೆಬ್ರವರಿ 3

ಬುಸ್ ಡಾಕ್ಟರನ್ನು ಕೇಳಿಯೇಬಿಟ್ಟೆ. ಕನ್ನಡಕ ಒರೆಸುತ್ತ ಕೂತರು.

"ನಾನು ಹೇಳಿದ್ದನ್ನ ನೀನು ಟೈಪ್ ಮಾಡ್ತೀಯ. ಉಳಿದದ್ದನ್ನ ಅವರು ಸೇರಿಸ್ತಾರೆ. ನಾನೇನ್ ಮಾಡ್ಲಮ್ಮ?"

"ಕೆಳಗೆ ಸಹಿ ನಿಮ್ಮದಲ್ವಾ ಸರ್?"

ಬುಸ್. ಮುಂದಿನ ರಿಪೋರ್ಟಿಗೆ ಸಹಿ ಹಾಕಿದರು. ದಿನಕ್ಕೆ ಎಂಬತ್ತು ಸಹಿ, ಓದುವುದು ಒಂದೂ ಇಲ್ಲ. ಓದಿದ ಮನುಷ್ಯ ಎಷ್ಟು ಸಲೀಸಾಗಿ ಕೈ ತೊಳೆದುಕೊಳ್ಳುತ್ತಾನೆ... ಥೂ.

ಫೆಬ್ರವರಿ 11

ಸಿ.ಟಿ. ಟಾರ್ಗೆಟ್ ದಾಟಿತಂತೆ. ಕೇಕ್ ತಂದರು. ಎಲ್ಲರೂ ಚಪ್ಪಾಳೆ. ತಿನ್ನಬಾರದು ಅಂದುಕೊಂಡೆ. ತಿಂದೆ. ಹಸಿವಾಗಿತ್ತು. ಈಗ ನನ್ನ ಮೇಲೇ ಸಿಟ್ಟು.

ಫೆಬ್ರವರಿ 26

ಅಕ್ಕ ಫೋನ್ ಮಾಡಿದ್ದಳು. ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ನಿಂತು ನಿಂತು ಸೊಂಟನೋವು ಅಂದುಕೊಂಡಿದ್ದಳಂತೆ. ಕಡಿಮೆಯಾಗದೆ ಅವರ ಮನೆ ಹತ್ತಿರದ, ನಮ್ಮ ಕಂಪನಿಯದೇ ಬ್ರಾಂಚಿಗೆ ಹೋಗಿ ಸ್ಕ್ಯಾನ್ ಮಾಡಿಸಿದ್ದಾಳೆ. ರಿಪೋರ್ಟನ್ನು ತಡವರಿಸುತ್ತ ಓದಿದಳು. ಎಡಗಡೆ ಕಿಡ್ನಿಯಲ್ಲಿ ಸಣ್ಣ ಗುಳ್ಳೆ. ಆಮೇಲೆ ಆ ದರಿದ್ರ ಸಾಲು.

ನಾನು ನಕ್ಕೆ. ಜೋರಾಗಿಯೇ ನಕ್ಕೆ.

"ಅಕ್ಕ, ಅದು ಎಲ್ಲರ ರಿಪೋರ್ಟಲ್ಲೂ ಇರುತ್ತೆ. ದಿನಾ ಟೈಪ್ ಮಾಡೋಳು ನಾನು, ನಂಗೊತ್ತಿಲ್ವಾ? ನೀರುಗುಳ್ಳೆ ಊರಲ್ಲಿ ಅರ್ಧ ಜನಕ್ಕಿರುತ್ತೆ. ಸುಮ್ನೆ ಮಲ್ಕೋ."

"ಅಬ್ಬಾ, ಬದುಕಿದೆ ಕಣೇ. ನಿಮ್ಮ ಭಾವ ಆಗ್ಲೇ ಬೈಕ್ ಮಾರೋಕೆ ಹೊರಟಿದ್ರು. ಮನೇಲೊಬ್ಬಳು ತಿಳಿದೋಳು ಇದ್ರೆ ಎಷ್ಟು ಒಳ್ಳೇದು ನೋಡು."

ಎಷ್ಟೋ ದಿನಗಳಾದ ಮೇಲೆ ಇವತ್ತು ಮನಸ್ಸು ಹಗುರವಾಗಿದೆ. ಒಬ್ಬರನ್ನಾದರೂ ಇವರ ಕೈಗೆ ಸಿಗದ ಹಾಗೆ ಉಳಿಸಿದೆ.

ಜೂನ್ 19

ಎಷ್ಟು ದಿನವಾಯಿತು ಬರೆದು. ಬರೆಯಲು ಕೈ ಬರುತ್ತಿಲ್ಲ.

ಅಕ್ಕನಿಗೆ ಮೂತ್ರದಲ್ಲಿ ರಕ್ತ. ಭಾವ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಿಡ್ನಿಯಲ್ಲಿರುವುದು ನೀರುಗುಳ್ಳೆ ಅಲ್ಲ. ಗಡ್ಡೆ. ಬೆಳೆದಿದೆ. ಅಲ್ಲಿಯ ಡಾಕ್ಟರಮ್ಮ ಫೆಬ್ರವರಿಯ ರಿಪೋರ್ಟ್ ನೋಡಿ ಕೇಳಿದರಂತೆ, "ಸಿ.ಟಿ. ಮಾಡಿಸಿ ಅಂತ ಬರೆದಿದ್ರಲ್ಲ, ಯಾಕೆ ಮಾಡಿಸಲಿಲ್ಲ?" ಅಕ್ಕ ನನ್ನ ಹೆಸರು ಹೇಳಲಿಲ್ಲ. "ಮರೆತೆ" ಅಂದಳಂತೆ. ಭಾವ ಫೋನಿನಲ್ಲಿ ಇದನ್ನಷ್ಟೇ ಹೇಳಿ ಇಟ್ಟರು.

ಜೂನ್ 20

ಆ ಬ್ರಾಂಚಿನ ಟೈಪಿಸ್ಟ್ ಹುಡುಗಿಗೆ ಫೋನ್ ಮಾಡಿದೆ. ಅಕ್ಕನ ರೆಕಾರ್ಡಿಂಗ್ ಹುಡುಕಿಸಿ ಕೇಳಿಸಿಕೊಂಡೆ. ಅಲ್ಲಿಯ ಡಾಕ್ಟರ್ ಸ್ವಂತ ಬಾಯಲ್ಲಿ ಹೇಳಿದ್ದಾರೆ — "ಇದು ಬರೀ ನೀರುಗುಳ್ಳೆ ಥರ ಕಾಣ್ತಿಲ್ಲ. ವಾರದೊಳಗೆ ಸಿ.ಟಿ. ಆಗಲೇಬೇಕು. ದಪ್ಪಕ್ಷರದಲ್ಲಿ ಹಾಕಿ."

"ಹಾಗಾದ್ರೆ ಯಾಕೆ ಹಾಕಲಿಲ್ಲ?" ಕಿರುಚಿದೆ.

"ಕೆಳಗೆ ಸಿ.ಟಿ. ಅಂತ ಹೇಗೂ ಇರುತ್ತಲ್ಲ ಅಕ್ಕಾ... ಎರಡೆರಡು ಸಲ ಯಾಕೆ ಅಂತ ಬಿಟ್ಟೆ."

ಬಾಯಿಗೆ ಬಂದಂತೆ ಬಯ್ದೆ. ಅವಳು ಅತ್ತಳು. ಫೋನ್ ಇಟ್ಟ ಮೇಲೆ ಹೊಳೆಯಿತು. ನಾನೂ ಬಿಟ್ಟಿದ್ದೇನೆ. ಬುಸ್ ಡಾಕ್ಟರ್ ಸಿ.ಟಿ. ಅಂದಾಗಲೆಲ್ಲ ನಾನೂ ಅದನ್ನೇ ಮಾಡಿದ್ದೇನೆ. ರಿಪೋರ್ಟಿಗಿಷ್ಟು ಅಂತ ದುಡ್ಡು ನಮಗೆ, ಒಂದು ಸಾಲು ಉಳಿದರೆ ಉಳಿಯಿತು ಅಂತ.

ಜೂನ್ 22

ಎರಡು ದಿನದಿಂದ ಹಳೆಯ ರೆಕಾರ್ಡಿಂಗ್ ಕೇಳುತ್ತಿದ್ದೇನೆ. ಡಾಕ್ಟರ್ ನಿಜವಾಗಿ ಹೇಳಿದ್ದು, ನಾನು ಟೈಪ್ ಮಾಡದೆ ಬಿಟ್ಟದ್ದು — ಇಲ್ಲಿಯವರೆಗೆ ಒಂಬತ್ತು ಸಿಕ್ಕವು. ಆರು ಜನ ಹೆದರಿಕೊಂಡು ಆಗಲೇ ಸಿ.ಟಿ. ಮಾಡಿಸಿದ್ದಾರೆ. ಇಬ್ಬರಿಗೆ ಫೋನ್ ಮಾಡಿದೆ. ಒಬ್ಬಾಕೆ ಪೂರ್ತಿ ಕೇಳಲೇ ಇಲ್ಲ. "ಮತ್ತೆ ಶುರು ಮಾಡಿದ್ರಾ ನಿಮ್ಮ ವ್ಯಾಪಾರ?" ಅಂತ ಇಟ್ಟುಬಿಟ್ಟಳು. ನಾನೇ ಅವಳ ಜಾಗದಲ್ಲಿದ್ದರೂ ಇಡುತ್ತಿದ್ದೆ.

ಒಂಬತ್ತನೆಯವರಿಗೆ ಮಾಡುವಾಗ ಟೈ ಫೋನ್ ಕಿತ್ತುಕೊಂಡ.

"ಯಾರನ್ನ ಕೇಳಿ ಪೇಷಂಟಿಗೆ ಫೋನ್ ಮಾಡ್ತಿದೀರಿ? ಕಂಪನಿ ಹೆಸರು ಹಾಳಾಗುತ್ತೆ."

"ಕಂಪನಿ ಹೆಸರಿಗೆ ಬೆಂಕಿ ಬೀಳ್ಲಿ! ಸಾವಿರ ಜನಕ್ಕೆ ಸುಳ್ಳು ಹೇಳಿ ಹೇಳಿ ನಿಜಕ್ಕೆ ಬೆಲೆ ಇಲ್ಲದ ಹಾಗೆ ಮಾಡಿಟ್ಟಿದೀರಿ. ನಮ್ಮಕ್ಕ ಸಾಯ್ತಿದಾಳೆ!"

"ಸಿ.ಟಿ. ಮಾಡಿಸಿ ಅಂತ ನಮ್ಮ ರಿಪೋರ್ಟಲ್ಲಿ ಬರೆದಿದೆಯಲ್ಲ," ಅಂದ, ತಣ್ಣಗೆ. "ಬೇಡ ಅಂದದ್ದು ಯಾರು?"

ಅವನ ಮುಖಕ್ಕೆ ಹೆಡ್‌ಫೋನ್ ಎಸೆದು ಬಂದೆ. ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ. ಒಂಬತ್ತನೆಯವರ ನಂಬರ್ ಚೀಟಿಯಲ್ಲಿತ್ತು, ಬಸ್ ಸ್ಟಾಪಿನಿಂದ ಮಾಡಿದೆ. ಸಿ.ಟಿ. ಮಾಡಿಸುತ್ತೇವೆ ಅಂದರು, ಆದರೆ ಬೇರೆ ಕಡೆ.

ಜೂನ್ 24

ಭಾವನ ಫೋನ್. ಅಕ್ಕ ಆಪರೇಷನ್ ಬೇಡ ಅನ್ನುತ್ತಿದ್ದಾಳಂತೆ. ಇದೇ ವಾರ ಕಿಡ್ನಿ ತೆಗೆದರೆ ಉಳಿಯುತ್ತಾರೆ, ತಡವಾದರೆ ಹೇಳಲಾಗದು ಅಂದಿದ್ದಾರೆ ಡಾಕ್ಟರಮ್ಮ. ನಾಡಿದ್ದು ಬೆಳಗ್ಗೆ ಅಡ್ಮಿಟ್ ಆಗಬೇಕು.

"ಎಲ್ಲಾ ದುಡ್ಡಿಗೆ ಹೆದರಿಸೋದು ಅಂತ ತಂಗಿ ಹೇಳಿದಾಳೆ, ಅಂತಾಳೆ. ಅದು ಸರ್ಕಾರಿ ಆಸ್ಪತ್ರೆ ಕಣೇ ಅಂದ್ರೂ ಕೇಳಲ್ಲ. ನೀನೇ ಬಂದು ಬಿಡಿಸಿ ಹೇಳಮ್ಮ. ನನ್ನ ಮಾತು ನಡೆಯೋದಿಲ್ಲ."

ಜೂನ್ 25, ಸಂಜೆ 5

ಅಕ್ಕನ ಮನೆ. ಅವಳ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಎಲ್ಲ ಹೇಳಿದೆ. ರೆಕಾರ್ಡಿಂಗಿನ ವಿಷಯ, ಆ ಹುಡುಗಿ ಬಿಟ್ಟದ್ದು, ನಾನು ಬಿಟ್ಟದ್ದು, ಅವತ್ತು ಪೂರ್ತಿ ರಿಪೋರ್ಟ್ ಕಳಿಸು ಅಂತ ಒಂದು ಮಾತು ಕೇಳದೆ ನಕ್ಕದ್ದು. ಅತ್ತು ಕರೆದು ಹೇಳಿದೆ. ತಪ್ಪು ನನ್ನದು, ಬಾ, ಕಾಲಿಗೆ ಬೀಳ್ತೀನಿ, ನಾಳೆ ಅಡ್ಮಿಟ್ ಆಗು ಅಂದೆ.

ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹಾಸಿಗೆಯ ಅಂಚಿನ ದಾರ ಕಿತ್ತಳು. ಆಮೇಲೆ ಕೇಳಿದಳು:

"ಅವತ್ತೂ ಇಷ್ಟೇ ಧೈರ್ಯವಾಗಿ ಹೇಳಿದ್ದೆಯಲ್ಲೇ. ಇವತ್ತಿನದನ್ನ ನಾನು ಹೇಗೆ ನಂಬಲಿ?"

ಭಾವ ಬಾಗಿಲಲ್ಲಿ ನಿಂತಿದ್ದಾರೆ, ಬ್ಯಾಗ್ ತುಂಬಿಡಲೋ ಬೇಡವೋ ಅಂತ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಾಳೆ.