ಆರೆಂಜ್ ಅಕ್ಕ

ಜೂನ್ 7, 2004. ಸೋಮವಾರ

ಹಲ್ಲಿನ ಡಾಕ್ಟರ ಬೋರ್ಡ್ ಬರೆದು ಮುಗಿಯಿತು. ಹಲ್ಲು ಚೆನ್ನಾಗಿ ಬಂದಿದೆ, ಡಾಕ್ಟರ ಹೆಸರು ಸ್ವಲ್ಪ ಬಲಕ್ಕೆ ವಾಲಿದೆ. ಯಾರೂ ನೋಡುವುದಿಲ್ಲ. ಈಗೀಗ ಎಲ್ಲರಿಗೂ ಫ್ಲೆಕ್ಸ್ ಬೇಕು, ಕೈಬರಹದ ಬೆಲೆ ಯಾರಿಗೆ ಗೊತ್ತು.

ನಾಳೆಯಿಂದ ಕುವೆಂಪುನಗರದ ಸರ್ಕಾರಿ ಶಾಲೆಯ ಗೋಡೆ. ನಮ್ಮ ಜೆನ್ನಿ ಓದುವುದೂ ಅಲ್ಲೇ, ಆರನೇ ಕ್ಲಾಸು. ಆರೆಂಜ್ ಡ್ರಿಂಕ್ ಕಂಪನಿಯವರು ಶಾಲೆಗೆ ನೀರಿನ ಟ್ಯಾಂಕ್ ಹಾಕಿಸಿದ್ದಾರೆ. ಅದಕ್ಕೆ ಬದಲು ಕಾಂಪೌಂಡಿನ ಒಳಗೋಡೆ ಅವರ ಜಾಹೀರಾತಿಗೆ. ಏಜೆಂಟ್ ಮಹಾಂತೇಶ್ ಒಂದು ಫೋಟೋ ಕೊಟ್ಟ. ಬಾಟಲಿ ಹಿಡಿದು ನಗುವ ಹುಡುಗಿ, ಬೊಂಬಾಯಿಯವಳಿರಬೇಕು. ಹಲ್ಲೆಲ್ಲ ಒಂದೇ ಅಳತೆ. ಜೀವವೇ ಇಲ್ಲ.

“ಇದೇ ಮುಖ ಬೇಕಾ?” ಅಂದೆ.

“ಯಾವ್ದಾದ್ರೂ ಬರೀರಿ ಅಂತೋಣಿಯವ್ರೇ. ನಗ್ತಾ ಇರ್ಬೇಕು, ಅಷ್ಟೇ.”

ಜೂನ್ 9. ಸಂಜೆ 6

ಜೆನ್ನಿಯನ್ನೇ ಗೋಡೆಯ ಎದುರು ಸ್ಟೂಲಿನ ಮೇಲೆ ಕೂರಿಸಿದೆ. ಕೈಗೊಂದು ಬಾಟಲಿ. ನಗು ಅಂದರೆ ಮುಖ ಗಂಟು ಹಾಕುತ್ತಾಳೆ. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನ ತೆಗೆಸಿದ ಫೋಟೋದಲ್ಲೂ ಹೀಗೇ, ಪೊಲೀಸ್ ಸ್ಟೇಷನ್ನಿಗೆ ಕರೆದೊಯ್ದ ಹಾಗೆ ನಿಂತಿದ್ದಾಳೆ.

ಕೊನೆಗೆ ನಾನು ಏಣಿ ಇಳಿಯುವಾಗ ಕಾಲು ಹೋಗಿ ಬಿಳಿ ಬಣ್ಣದ ಡಬ್ಬದೊಳಗೆ! ಬಿದ್ದು ಬಿದ್ದು ನಕ್ಕಳು. “ಅಪ್ಪಾ, ಒಂದೇ ಶೂ ಹಾಕ್ಕೊಂಡಂಗಿದೆ!” ಆ ನಗುವನ್ನು ಹಿಡಿದುಬಿಟ್ಟೆ. ಕಾಲು ತೊಳೆಯಲೂ ಹೋಗಲಿಲ್ಲ.

ಜೂನ್ 14

ಗೋಡೆ ಮುಗಿಯಿತು. ಆರಡಿ ಎತ್ತರದ ಜೆನ್ನಿ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಇಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ. ಚಿಕ್ಕ ಮಕ್ಕಳು ಅವಳನ್ನು ‘ಆರೆಂಜ್ ಅಕ್ಕ’ ಅನ್ನುತ್ತಿವೆ. ಜೆನ್ನಿಗೆ ನೆಲದ ಮೇಲೆ ಕಾಲಿಲ್ಲ. ಮಹಾಂತೇಶನಿಗೆ ಖುಷಿಯೋ ಖುಷಿ, ಎರಡು ಕ್ರೇಟ್ ಡ್ರಿಂಕ್ ಮನೆಗೇ ಕಳಿಸಿದ.

ಹೆಡ್‌ಮೇಡಂ ಪ್ರೇಮಲೀಲಾ ಮಾತ್ರ ತುಂಬಾ ಹೊತ್ತು ನಿಂತು ನೋಡಿದರು. “ಹುಡುಗಿ ಮುದ್ದಾಗಿದಾಳೆ. ಆ ಬಾಟ್ಲಿ ನಂಗೆ ಸರಿ ಕಾಣ್ಸಲ್ಲ. ಟ್ಯಾಂಕಿನ ದಾಕ್ಷಿಣ್ಯಕ್ಕೆ ಸುಮ್ನಿದೀನಿ.” ಬೆಳಗಿಂದ ಬಂದ ಒಂದೇ ಕೊಂಕು. ಇರಲಿ.

ಜುಲೈ 3

ಜೆನ್ನಿಗೆ ಅದೇನು ದಾಹವೋ. ಒಂದು ಬಿಂದಿಗೆ ನೀರು ಸಾಲದು. ಕ್ಲಾಸಿನಿಂದ ಪದೇ ಪದೇ ಎದ್ದು ಬಾತ್‌ರೂಮಿಗೆ ಹೋಗುತ್ತಾಳೆಂದು ಟೀಚರ್ ದೂರು. ಲಂಗ ಸಡಿಲವಾಗಿದೆಯೆಂದು ಅವಳ ಅಮ್ಮ ಪೌಲಿನ್ ಹುಕ್ ಒಳಗೆ ತೆಗೆದು ಹೊಲಿದಳು. ಉದ್ದವಾಗುವ ವಯಸ್ಸು, ತೆಳ್ಳಗಾಗುತ್ತಾರೆ ಅಂದೆ. ದಿನಕ್ಕೆ ಎರಡು ಬಾಟಲಿ ಆರೆಂಜ್ ಕೊಡುತ್ತಿದ್ದೇನೆ, ಸ್ವಲ್ಪ ಶಕ್ತಿ ಬರಲಿ ಎಂದು. ಕ್ರೇಟ್ ಹೇಗೂ ಇದೆ.

ಜುಲೈ 11. ಭಾನುವಾರ

ಚರ್ಚಿನಲ್ಲಿ ಪೂಜೆಯ ಮಧ್ಯೆ ನಿದ್ದೆ ಮಾಡಿಬಿಟ್ಟಳು. ಮನೆಗೆ ಬಂದು ಮೂರು ಸಲ ವಾಂತಿ. ತುಟಿ ಒಣಗಿ ಬಿರಿದಿದೆ. “ಅಪ್ಪಾ, ಇನ್ನೊಂದು ಬಾಟ್ಲಿ.” ಕೊಟ್ಟೆ. ನೀರಾದರೂ ಹೊಟ್ಟೆಗೆ ಹೋಗಲಿ ಎಂದು ಮತ್ತೊಂದು ಕೊಟ್ಟೆ. ಹೊಟ್ಟೆ ಕೆಟ್ಟಿರಬೇಕು. ನಾಳೆ ಡಾಕ್ಟರ ಹತ್ತಿರ.

ಜುಲೈ 12. ಮಧ್ಯಾಹ್ನ

ಆಸ್ಪತ್ರೆಯ ಬೆಂಚಿನ ಮೇಲೆ. ಬೆಳಿಗ್ಗೆ ಕೂಗಿದರೆ ಕಣ್ಣು ಬಿಡಲಿಲ್ಲ. ಉಸಿರು ಮಾತ್ರ ಓಡಿ ಬಂದವರ ಹಾಗೆ. ಸಕ್ಕರೆ ಕಾಯಿಲೆಯಂತೆ. ಮಕ್ಕಳಿಗೂ ಬರುತ್ತದಂತೆ. ನಮಗೆ ಯಾರು ಹೇಳಿದ್ದರು? ಏನೇನು ಕೊಟ್ಟಿರಿ ಎಂದು ಕೇಳಿದರು. ಹೇಳಿದೆ. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಸೆಪ್ಟೆಂಬರ್ 19

ಜೆನ್ನಿ ಹೋಗಿ ಅರವತ್ತೇಳು ದಿನ.

ಡಾಕ್ಟರು ಹೇಳಿದ್ದು ಎರಡು ಮಾತು. ಕಾಯಿಲೆ ಆ ಡ್ರಿಂಕಿನಿಂದ ಬಂದದ್ದಲ್ಲ. ಆದರೆ ಆ ಸ್ಥಿತಿಯಲ್ಲಿ ಅದನ್ನು ಕೊಡಲೇಬಾರದಿತ್ತು. ಪೌಲಿನ್‌ಗೆ ಮೊದಲನೆಯದನ್ನು ಹೇಳಿದೆ. ಎರಡನೆಯದು ನನ್ನ ಹತ್ತಿರವೇ ಇದೆ.

ಶಾಲೆಯ ಬೀದಿಯಲ್ಲಿ ನಾನು ಹೋಗುವುದಿಲ್ಲ. ಸುತ್ತು ಹಾಕುತ್ತೇನೆ.

ನವೆಂಬರ್ 2. ಸಕಲ ಮೃತರ ದಿನ

ಹೂವು, ಮೇಣದಬತ್ತಿ ಹಿಡಿದು ಸಮಾಧಿಗೆ ಹೋದೆ. ಪೌಲಿನ್ ಮುಂದೆ ಹೋಗಿರುತ್ತಾಳೆಂದುಕೊಂಡಿದ್ದೆ. ಇರಲಿಲ್ಲ. ಎಲ್ಲರೂ ತಮ್ಮ ತಮ್ಮವರ ಕಲ್ಲಿನ ಹತ್ತಿರ ದೀಪ ಹಚ್ಚುತ್ತಿದ್ದರು. ನಾನೊಬ್ಬನೇ ಹಚ್ಚಿದೆ.

ಹುಡುಕುತ್ತ ಹೋದರೆ ಪೌಲಿನ್ ಶಾಲೆಯಲ್ಲಿದ್ದಳು. ಜಾಹೀರಾತಿನ ಗೋಡೆಯ ಬುಡದಲ್ಲಿ ಹನ್ನೊಂದು ಮೇಣದಬತ್ತಿ, ಜೆನ್ನಿಯ ವಯಸ್ಸಿನಷ್ಟು. ಮಕ್ಕಳೆಲ್ಲ ಗಲಾಟೆ ಬಿಟ್ಟು ನಿಂತಿದ್ದವು. ಹೆಡ್‌ಮೇಡಂ ಅವಳ ಪಕ್ಕದಲ್ಲಿ ನೆಲದ ಮೇಲೇ ಕುಳಿತಿದ್ದರು.

“ದಿನಾ ಬತ್ತೀನಿ ಕಣ್ರೀ” ಅಂದಳು. “ಅಲ್ಲಿ ಬರೀ ಮಣ್ಣು. ಇಲ್ಲಿ ನಗ್ತಾವ್ಳೆ.”

ನಾಲ್ಕು ತಿಂಗಳ ಮೇಲೆ ಆ ಮುಖ ನೋಡಿದೆ. ಕೈಯಲ್ಲಿ ಬಾಟಲಿ. ಅದನ್ನು ಕೊಟ್ಟವನು ನಾನು, ಗೋಡೆಯ ಮೇಲೂ, ಮನೆಯಲ್ಲೂ.

ನವೆಂಬರ್ 22

ಹೆಡ್‌ಮೇಡಂ ಹೇಳಿಕಳಿಸಿದರು. ಮೇಜಿನ ಮೇಲೆ ಇಲಾಖೆಯ ಸುತ್ತೋಲೆ. ಸರ್ಕಾರಿ ಶಾಲೆಯ ಆವರಣದಲ್ಲಿ ತಂಪು ಪಾನೀಯ, ಚಿಪ್ಸ್, ಚಾಕಲೇಟಿನ ಯಾವ ಜಾಹೀರಾತೂ ಇರಕೂಡದು. ಇದ್ದರೆ ತಿಂಗಳೊಳಗೆ ಅಳಿಸಬೇಕು.

“ಜೂನ್‌ನಲ್ಲಿ ನಾನೇ ಅರ್ಜಿ ಬರ್ದಿದ್ದೆ” ಅಂದರು. ಕನ್ನಡಕ ತೆಗೆದು ಒರೆಸಿಕೊಂಡರು. “ಈಗ ಯಾಕಾದ್ರೂ ಬರೆದ್ನೋ ಅನ್ಸುತ್ತೆ.”

“ಸರಿಯಾಗೇ ಬರ್ದಿದೀರಿ ಮೇಡಂ.”

“ಬಾಟ್ಲಿ, ಅಕ್ಷರ ಅಳ್ಸಿ ಸಾಕು. ಮಗು ಇರ್ಲಿ. ಕೈಗೊಂದು ಪುಸ್ತಕ ಕೊಡಿ. ಮೇಲಿನೋರಿಗೆ ನಾನು ಹೇಳ್ಕೋತೀನಿ.”

ಹೊರಗೆ ಬಂದು ಟ್ಯಾಂಕಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ನವೆಂಬರ್ 27

ಬಾಟಲಿ ಹೋಯಿತು. ಪುಸ್ತಕ ಬಂತು. ಬೆರಳು ಬಾಟಲಿ ಹಿಡಿದ ಹಾಗೇ ಬಾಗಿವೆ, ತಿದ್ದಲು ಕೈ ಬರಲಿಲ್ಲ. ಪೌಲಿನ್ ಎದುರಿಗೇ ಕುಳಿತಿದ್ದಳು. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದಳು. ಜುಲೈ ಆದ ಮೇಲೆ ಇದೇ ಮೊದಲು.

ಡಿಸೆಂಬರ್ 6

ಮಧ್ಯಾಹ್ನದ ಬಿಡುವು. ಶಾಲೆ ಗೇಟಿನ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ ಕೊಳ್ಳುತ್ತಿದ್ದೆ. ಎರಡನೇ ಕ್ಲಾಸಿನದಿರಬೇಕು, ಒಂದು ಪುಟ್ಟ ಹುಡುಗಿ ಬಂತು. ಒಳಗಿನ ಗೋಡೆಯ ಕಡೆ ಕೈ ತೋರಿಸಿ, “ಆರೆಂಜ್ ಅಕ್ಕ ಕುಡಿಯೋದು ಕೊಡಿ.” ಅಂಗಡಿಯವನು ಏನೂ ಕೇಳದೆ ಬಾಟಲಿ ತೆಗೆದುಕೊಟ್ಟ.

ಪುಸ್ತಕ ಬರೆದು ಏನು ಬಂತು. ಬಾಟಲಿ ಅವಳ ಕೈಯಲ್ಲಿಲ್ಲ, ಮುಖದಲ್ಲಿದೆ. ಎಷ್ಟು ಚೆನ್ನಾಗಿ ಬರೆದುಬಿಟ್ಟೆ ಪಾಪಿ ನಾನು! ಗೇಟಿನಲ್ಲಿ ನಿಂತಿದ್ದ ಹೆಡ್‌ಮೇಡಂ ಕೂಡ ಕೇಳಿಸಿಕೊಂಡರು. ತಲೆ ತಗ್ಗಿಸಿ ಒಳಗೆ ಹೋದರು. ಮುಖವನ್ನೂ ಅಳಿಸಿ ಎಂದು ಅವರು ಬಾಯಿಬಿಟ್ಟು ಕೇಳುವುದಿಲ್ಲ. ನಾನೇ ಹೇಳಬೇಕು.

ಡಿಸೆಂಬರ್ 7

ಪೌಲಿನ್‌ಗೆ ಎಲ್ಲ ಹೇಳಿದೆ. ಅಂಗಡಿಯ ಹುಡುಗಿ. ಡಾಕ್ಟರ ಎರಡನೆಯ ಮಾತು. ದಿನಕ್ಕೆ ಎರಡು ಬಾಟಲಿ. ಆ ಭಾನುವಾರ ಕೊಟ್ಟದ್ದು.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅಂದಳು, “ಅವತ್ತು ನೀವು ಆಚೆ ಹೋಗಿದ್ದಾಗ ನಾನೂ ಎರಡು ಕೊಟ್ಟೆ ಕಣ್ರೀ. ಅಮ್ಮಾ ಅಮ್ಮಾ ಅಂತ ಕೇಳಿದ್ಲು... ಇಲ್ಲ ಅನ್ನಕ್ಕಾಗ್ಲಿಲ್ಲ.”

ಐದು ತಿಂಗಳು ಒಂದೇ ಮನೆಯಲ್ಲಿ ಇದನ್ನು ಇಬ್ಬರೂ ಬೇರೆ ಬೇರೆ ಹೊತ್ತಿದ್ದೆವು. ಜೊತೆಯಲ್ಲಿ ಅತ್ತದ್ದು ಇವತ್ತೇ.

“ಅಳಿಸ್ಬುಡಿ” ಅಂದಳು. “ಇನ್ನೊಬ್ಬರ ಮಗೀಗೆ ಬ್ಯಾಡ.”

ಡಿಸೆಂಬರ್ 11. ಶನಿವಾರ

ಮಕ್ಕಳು ಮನೆಗೆ ಹೋದ ಮೇಲೆ ಶುರು ಮಾಡಿದೆ. ಸುಣ್ಣ, ಸ್ವಲ್ಪ ನೀಲಿ. ಕಾಲಿನಿಂದ ಮೇಲಕ್ಕೆ. ಲಂಗ, ಪುಸ್ತಕ, ಕೈ. ಕುತ್ತಿಗೆಗೆ ಬಂದಾಗ ಕೈ ಏಳಲಿಲ್ಲ. ಪೌಲಿನ್ ಬ್ರಷ್ ಈಸಿಕೊಂಡಳು. “ಮುಖ ನಾನ್ ಮಾಡ್ತೀನಿ.” ಏಣಿ ಹತ್ತಿ ನಿಧಾನವಾಗಿ, ಹಣೆಯಿಂದ ಕೆಳಕ್ಕೆ, ಸ್ನಾನ ಮಾಡಿಸುವ ಹಾಗೆ. ನಾನು ಏಣಿ ಹಿಡಿದು ನೆಲ ನೋಡುತ್ತಿದ್ದೆ.

ಡಿಸೆಂಬರ್ 13. ಬೆಳಿಗ್ಗೆ 11

ಹೆಡ್‌ಮೇಡಂ ಆಳು ಕಳಿಸಿದರು. ಹೋಗಿ ನೋಡಿದೆ. ಮುಖದ ಮೇಲಿನ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರಿದೆ. ಬಿಳಿ ಗೋಡೆಯ ಮಧ್ಯೆ ಜೆನ್ನಿ, ಅದೇ ನಗು. “ಆರೆಂಜ್ ಅಕ್ಕ ಬಂದ್ಲು!” ಎಂದು ಮಕ್ಕಳು ಕುಣಿಯುತ್ತಿವೆ.

ಮುಖಕ್ಕೆ ಬಳಸಿದ್ದು ಎನಾಮಲ್, ಎಣ್ಣೆ ಬಣ್ಣ, ಅದರ ಮೇಲೆ ಸುಣ್ಣ ಹಿಡಿಯುವುದಿಲ್ಲ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲು ಕೆರೆಯಬೇಕು. ಶನಿವಾರ ಬ್ಲೇಡನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗಿದ್ದೆ.

ಈಗ ಮನೆಗೆ ಬಂದು ತೆಗೆದಿಟ್ಟುಕೊಂಡಿದ್ದೇನೆ. ಪೌಲಿನ್ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಬೇಡ ಅಂದೆ. ಇದು ನನ್ನ ಕೆಲಸ. ಎಲ್ಲಿಂದ ಶುರು ಮಾಡಲಿ? ಬಾಯಿಯಿಂದ ಕೆರೆದರೆ ನಗು ಮೊದಲು ಹೋಗುತ್ತದೆ, ಕಣ್ಣು ನನ್ನನ್ನೇ ನೋಡುತ್ತಿರುತ್ತದೆ. ಬೇಡ. ಕಣ್ಣೇ ಮೊದಲು. ಕಣ್ಣು ಹೋದರೆ, ಅಪ್ಪ ಏನು ಮಾಡುತ್ತಿದ್ದಾನೆ ಎಂದು ಅವಳಿಗೆ...