ಬಲಬದಿಯ ಬಾಗಿಲು

ಅಸೀನಿ,
ಜೂನ್ ೪

ಲಾಂಬ್ರೋಸ್‌ಗೆ ಪೊಲಿಕ್ಸೇನಿಯ ವಂದನೆಗಳು.

ಪಿರೇಯಸ್ ಬಂದರಿನಿಂದ ನೀನು ಬರೆದ ಪತ್ರ ಈಸ್ಟರ್ ಹಬ್ಬಕ್ಕೂ ಮೊದಲೇ ಕೈಸೇರಿತ್ತು. ಜೇನುಪೆಟ್ಟಿಗೆಗಳನ್ನು ಮಾರಿಬಿಡು, ಅಮ್ಮನನ್ನು ನನ್ನ ಬಳಿಗೆ ಕಳುಹಿಸು ಎಂದು ಬರೆದಿದ್ದೆ. ನಾನು ಹಳೆಯ ಡೀಸೆಲ್ ಗಾಡಿಯೊಂದನ್ನು ಕೊಂಡ ಸುದ್ದಿ ಯಾರಿಂದಲೋ ತಿಳಿದು, ‘ಅದು ನಿನ್ನ ಕೈಗೆ ಬಗ್ಗುವುದಿಲ್ಲ, ಫರ್ ಮರಗಳ ಕಾಲ ಮುಗಿಯುವ ಮೊದಲೇ ನನ್ನನ್ನು ಕರೆಯುತ್ತೀಯೆ’ ಎಂದೂ ಸೇರಿಸಿದ್ದೆ. ಉತ್ತರವನ್ನು ಇಂದಿನವರೆಗೆ ತಡೆದಿಟ್ಟುಕೊಂಡೆ. ಬರಿಯ ಮಾತನ್ನು ಬರೆದು ಕಳುಹಿಸುವುದು ನನಗೆ ಬೇಕಿರಲಿಲ್ಲ.

ನೀನು ಹೋಗುವಾಗ ನಮ್ಮ ಹಳೆಯ ಲಾರಿಯನ್ನು ಕೊಂಡೊಯ್ದೆ. ಅಂದಿನಿಂದ ನನ್ನ ಜೇನುಗಳು ಬೇಸಗೆಯಲ್ಲೂ ಈ ಕಿತ್ತಳೆ ತೋಟದಲ್ಲೇ ಉಳಿದವು. ಹೂವು ಉದುರಿದ ಮೇಲೆ ಇಲ್ಲಿ ಅವುಗಳಿಗೆ ಏನಿದೆ? ಸಕ್ಕರೆ ಪಾನಕ ಕುಡಿಸಿ ಬದುಕಿಸಿದೆ. ಬೇಸಗೆಯಲ್ಲಿ ಕೊಂಬೆಗಳ ಮೇಲೆ ಸಿಹಿ ಅಂಟು ಒಸರುವ ಮೈನಲೋ ಬೆಟ್ಟದ ಫರ್ ಕಾಡನ್ನು ಈ ವರ್ಷವೂ ಮುಟ್ಟಿಸಲಾಗದಿದ್ದರೆ, ನೀನು ಹೇಳದಿದ್ದರೂ ನಾನೇ ಅವುಗಳನ್ನು ಮಾರುತ್ತಿದ್ದೆ. ಇದನ್ನು ನಿನ್ನಮ್ಮನಿಗೆ ಹೇಳಿದ್ದೆ; ಬೇರೆ ಯಾರಿಗೂ ಹೇಳಿರಲಿಲ್ಲ.

ಗಾಡಿಯನ್ನು ಕ್ರಾನಿಡಿಯ ಆಲಿವ್ ಬೆಳೆಗಾರನೊಬ್ಬ ಬಹುಕಾಲ ದುಡಿಸಿದ್ದ. ಹಿಂದೆ ತೆರೆದ ತೊಟ್ಟಿ, ಮುಂದೆ ಇಬ್ಬರಿಗೆ ಜಾಗ. ಓಡಿಸುವವರ ಪಕ್ಕದ ಸೀಟಿನ, ಬಲಬದಿಯ ಬಾಗಿಲು ಹೊರಗಿನಿಂದ ತೆರೆಯುತ್ತಿರಲಿಲ್ಲ, ಹಿಡಿ ಮುರಿದಿತ್ತು. ಅದನ್ನು ಹಾಗೆಯೇ ಬಿಟ್ಟೆ. ಅಲ್ಲಿ ಕೂರುವವರು ಯಾರೂ ಇರಲಿಲ್ಲ. ಮೆಕ್ಯಾನಿಕ್ ಪ್ರೊಕೋಪಿಸ್ ಗಾಳಿಯ ಫಿಲ್ಟರ್ ಬಿಚ್ಚಿ, ಒಳಗಿದ್ದ ಎಲೆ ಕಸವನ್ನು ನೆಲಕ್ಕೆ ಕೊಡವಿ, “ಅಕ್ಕಾ, ನೀವು ತಂದಿರೋದು ಗಾಡಿ ಅಲ್ಲ, ಆಲಿವ್ ತೋಟ! ನೀರು ಬಿಟ್ರೆ ಚಿಗುರುತ್ತೆ” ಎಂದು ನಕ್ಕ. “ಚಿಗುರಿದ್ರೆ ಮೊದಲ ಉಪ್ಪಿನಕಾಯಿ ನಿಂಗೇ ಕಳಿಸ್ತೀನಿ. ಈಗ ನಗೋದು ಬಿಟ್ಟು ಡೀಸೆಲ್ ಫಿಲ್ಟರ್ ಬಿಚ್ಚೋದು ತೋರ್ಸು” ಎಂದೆ. ತೋರಿಸಿದ.

ನೀನು ಎಂಜಿನ್ ಬಲ್ಲವನಾದ್ದರಿಂದ ಬರೆಯುತ್ತೇನೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂದು ಮಾರಿದವನಿಗೂ ನೆನಪಿರಲಿಲ್ಲ. ಆದ್ದರಿಂದ ಮೊದಲ ಕೆಲಸ ಅದೇ ಆಯಿತು. ಆಮೇಲೆ ಎಣ್ಣೆ, ಫಿಲ್ಟರ್‌ಗಳು, ಬ್ರೇಕು. ಡೀಸೆಲ್‌ನಲ್ಲಿ ನೀರು ಸೇರಿದರೆ ಹೊತ್ತಿಕೊಳ್ಳುವ ದೀಪದ ಮೇಲೆ ಆ ಮನುಷ್ಯ ಕಪ್ಪು ಅಂಟುಪಟ್ಟಿ ಅಂಟಿಸಿದ್ದ, ಅದನ್ನು ಕಿತ್ತೆಸೆದೆ. ಪ್ರತಿ ಶನಿವಾರ ಡೀಸೆಲ್ ಫಿಲ್ಟರಿನ ಬುಡದ ತಿರುಪನ್ನು ಸಡಿಲಿಸಿ, ತಳದಲ್ಲಿ ನಿಂತದ್ದನ್ನು ಗಾಜಿನ ಸೀಸೆಗೆ ಇಳಿಸಿ, ಬೆಳಕಿಗೆ ಹಿಡಿದು ನೋಡುವುದನ್ನು ರೂಢಿಸಿಕೊಂಡೆ. ನನ್ನ ಉಗುರುಗಳ ಕಪ್ಪು ಈಗ ಹೋಗುವುದಿಲ್ಲ. ನಿನ್ನವೂ ಹಾಗೆಯೇ ಇದ್ದವು.

ಹೊರಡುವ ಹಿಂದಿನ ದಿನ ಅತ್ತೆ ಹಟ ಹಿಡಿದರು. ಪಾದ್ರಿ ಹರಸದ ಗಾಡಿ ಬೆಟ್ಟ ಹತ್ತಬಾರದಂತೆ. ಪಾದ್ರಿ ಊರಿನಲ್ಲಿರಲಿಲ್ಲ. ಜನವರಿಯ ಹಬ್ಬದಲ್ಲಿ ಚರ್ಚಿನಿಂದ ತಂದಿಟ್ಟ ತೀರ್ಥವಿದೆಯಲ್ಲ, ಅದೇ ಸಾಕೆಂದರು. ಸಂಜೆ ನಾನು ಪೆಟ್ಟಿಗೆಗಳ ಬಾಯಿಗೆ ಜಾಲರಿ ಬಡಿದು ಬರುವಷ್ಟರಲ್ಲಿ, ಖಾಲಿ ಬಾಟಲಿ ಹಿಡಿದು ಗಾಡಿಯ ಪಕ್ಕದಲ್ಲಿ ನಿಂತಿದ್ದರು. “ಮುಗೀತು ಕಣೇ. ಎಲ್ಲೆಲ್ಲಿ ಹಾಕ್ಬೇಕೋ ಅಲ್ಲೆಲ್ಲ ಹಾಕಿದೀನಿ” ಎಂದರು. ಚಕ್ರಗಳಿಗೆ ಚಿಮುಕಿಸಿರಬಹುದೆಂದುಕೊಂಡೆ. ಬೆಳಗಾಗುತ್ತಲೇ ಅವರೂ ಹೊರಟು ನಿಂತರು. ನಾನು ಒಳಗಿನಿಂದ ಬಾಗಿಲು ತೆಗೆದು ಹತ್ತಿಸಿಕೊಂಡೆ.

ತ್ರಿಪೋಲಿ ದಾಟಿ ಏರು ಆರಂಭವಾದಾಗ ಆ ದೀಪ ಹೊತ್ತಿತು. ಎಂಜಿನ್ ಕೆಮ್ಮಿತು, ನಡುಗಿತು, ಆರಿತು. ಜೇನು ಹೊತ್ತ ಗಾಡಿಯ ಎಂಜಿನ್ ಆರಬಾರದೆಂಬುದು ನಿನಗೆ ಗೊತ್ತು. ಅದರ ಅದುರಾಟಕ್ಕೆ ಹುಳುಗಳು ಮೇಣದ ಎರಿಗಳನ್ನು ಕಚ್ಚಿಕೊಂಡು ಸುಮ್ಮನಿರುತ್ತವೆ. ನಿಂತರೆ ಕೆರಳುತ್ತವೆ, ಪೆಟ್ಟಿಗೆಯೊಳಗೆ ಕಾವು ಏರಿ ತಾವೇ ಬೆಂದು ಸಾಯುತ್ತವೆ. ಹಿಂದಿನಿಂದ ಮೊರೆತ ಏರತೊಡಗಿತು. ಬಿಸಿಲೂ ಏರುತ್ತಿತ್ತು.

ಬಾನೆಟ್ ಎತ್ತಿ, ಫಿಲ್ಟರಿನ ತಿರುಪು ಸಡಿಲಿಸಿ ಸೀಸೆ ಹಿಡಿದೆ. ತಳದಲ್ಲಿ ತಿಳಿನೀರು, ಮೇಲೆ ಡೀಸೆಲ್.

“ಅತ್ತೇ, ತೀರ್ಥ ಎಲ್ಲಿ ಹಾಕಿದ್ರಿ?”

“ಬಾಯಿಗೆ.”

“ಯಾರ ಬಾಯಿಗೆ?”

“ಗಾಡಿ ಬಾಯಿಗೆ ಕಣೇ, ನೀನು ಡೀಸೆಲ್ ಹುಯ್ತೀಯಲ್ಲ, ಅಲ್ಲಿಗೆ. ಮನುಷ್ಯರಿಗೆ ಹುಷಾರಿಲ್ಲ ಅಂದ್ರೆ ತೀರ್ಥ ಕುಡ್ಸಲ್ವಾ? ಇದೂ ಮುದಿ ಗಾಡಿ.”

ಬಯ್ಯಲು ಹೊತ್ತಿರಲಿಲ್ಲ. ಜಾಲರಿಗಳ ಮೇಲೆ ತಣ್ಣೀರು ಎರಚಿದೆ. ಅತ್ತೆ ಕೋಲು ತೆಗೆದುಕೊಂಡು ತೊಟ್ಟಿಯ ಪಕ್ಕೆಯನ್ನು ಒಂದೇ ಸಮನೆ ಬಡಿಯತೊಡಗಿದರು. ಏನು ಮಾಡುತ್ತಿದ್ದೀರಿ ಎಂದರೆ, “ಎಂಜಿನ್ ನಡೀತಿದೆ ಅಂದ್ಕೊಳ್ಲಿ ಅವು. ನೀನು ನಿನ್ನ ಕೆಲ್ಸ ನೋಡು” ಎಂದರು. ನೋಡಿದೆ. ನೀರು ನಿಂತು ಬರಿಯ ಡೀಸೆಲ್ ಬರುವವರೆಗೆ ಇಳಿಸಿ, ತಿರುಪು ಬಿಗಿದು, ಫಿಲ್ಟರಿನ ಕೈಪಂಪನ್ನು ಅದು ಗಟ್ಟಿಯಾಗುವವರೆಗೆ ಒತ್ತಿ ಕೀಲಿ ತಿರುಗಿಸಿದೆ. ಹತ್ತಿಕೊಂಡಿತು. ಇಳಿಸಿದ್ದನ್ನು ರಸ್ತೆಗೆ ಚೆಲ್ಲಹೋದರೆ ಅತ್ತೆ ಕೈ ಹಿಡಿದರು: “ಅಯ್ಯೋ, ತೀರ್ಥ! ತುಳಿಯೋ ಜಾಗದಲ್ಲಿ ಚೆಲ್ತಾರಾ?” ಸೀಸೆಗೆ ಬಿರಡೆ ಹಾಕಿ ಮಡಿಲಲ್ಲಿಟ್ಟುಕೊಂಡರು. ಈಗ ಅದು ಮನೆಯಲ್ಲಿ ಕನ್ಯೆ ಮೇರಿಯ ಪಟದ ಮುಂದಿದೆ. ದೇವರ ಮೂಲೆಯೆಲ್ಲ ಡೀಸೆಲ್ ವಾಸನೆ.

ಮುಂದೆ ಆ ದೀಪ ಹೊತ್ತಿದಾಗಲೆಲ್ಲ, ಎಂಜಿನ್ ತಾನಾಗಿ ಆರುವ ಮೊದಲೇ ನಿಲ್ಲಿಸಿ ನೀರು ಇಳಿಸಿದೆ. ಕೋಲಿನ ಬಡಿತ ನಿಲ್ಲಲಿಲ್ಲ. ನಡುಹಗಲಿಗೆ ಮೊದಲು ಫರ್ ಕಾಡು ಸೇರಿ ಜಾಲರಿ ತೆಗೆದೆವು. ಎರಡು ಪೆಟ್ಟಿಗೆಗಳ ಹುಳುಗಳು ಸತ್ತಿದ್ದವು. ಉಳಿದವು ಸಂಜೆಯೊಳಗೆ ಮರಗಳಿಗೆ ಹತ್ತಿ, ಕೊಂಬೆಗಳ ಸಿಹಿಯನ್ನು ಹೊರತೊಡಗಿದವು. ಇಳಿದು ಬಂದ ಮೇಲೆ ಟ್ಯಾಂಕನ್ನೇ ಕೆಳಗಿಳಿಸಿ ತೊಳೆದು ಒಣಗಿಸಿದೆ, ಫಿಲ್ಟರ್ ಹೊಸದು ಹಾಕಿದೆ. ಟ್ಯಾಂಕಿನ ಮುಚ್ಚಳದ ಕೀಲಿ ಈಗ ನನ್ನ ಕೊರಳಲ್ಲಿದೆ.

ಆದ್ದರಿಂದ ಉತ್ತರ ಹೀಗಿದೆ: ಪೆಟ್ಟಿಗೆಗಳನ್ನು ಮಾರುವುದಿಲ್ಲ. ಗಾಡಿ ನನ್ನ ಕೈಗೆ ಬಗ್ಗಿದೆ. ನಿನ್ನನ್ನು ಕರೆಯಬೇಕಾಗಿ ಬರಲಿಲ್ಲ. ಅಮ್ಮನ ಮಾತನ್ನು ಅವರೇ ಹೇಳಬೇಕು, ಕೇಳಿದರೆ, “ಹಡಗಿನೂರಲ್ಲಿ ಕೋಲು ಹಿಡ್ಕೊಂಡು ಯಾವುದನ್ನ ಬಡೀಲಿ?” ಎನ್ನುತ್ತಾರೆ.

ಆರೋಗ್ಯ ನೋಡಿಕೊ.

ಪೊಲಿಕ್ಸೇನಿ

ಮರೆತಿದ್ದೆ: ಇಂದು ಬೆಳಿಗ್ಗೆ, ಈ ಪತ್ರ ಬರೆಯಲು ಕುಳಿತದ್ದನ್ನು ಕಂಡು ನಿನ್ನಮ್ಮ ಎದುರಿಗೆ ಬಂದು ಕುಳಿತರು. ನಿನ್ನಪ್ಪನ ಟ್ರ್ಯಾಕ್ಟರಿಗೆ ಒಮ್ಮೆ ಮಳೆನೀರು ಸೇರಿ ನಿಂತುಹೋದದ್ದು ಅವರಿಗೆ ಚೆನ್ನಾಗಿ ನೆನಪಿತ್ತಂತೆ. “ಗಾಡಿ ಅಂಗಳದಲ್ಲೇ ನಿಂತ್ರೆ ನೀನು ಅವನನ್ನ ಕರೀತೀಯ ಅಂದ್ಕೊಂಡೆ. ಬೆಟ್ಟದವರೆಗೂ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಬರೀ ನೀರು ಹಾಕಿದ್ರೆ ಪಾಪ, ಅದಕ್ಕೇ ತೀರ್ಥ ಹಾಕ್ದೆ” ಎಂದರು. ನಾನು ಎದ್ದುಹೋಗಿ ಗಾಡಿಯ ಬಲಬದಿಯ ಬಾಗಿಲಿಗೆ ಹೊಸ ಹಿಡಿ ಹಾಕಿ ಬಂದೆ. ಈಗ ಅದು ಹೊರಗಿನಿಂದಲೂ ತೆರೆಯುತ್ತದೆ. ಜೇನು ಇಳಿಸುವುದು ಜುಲೈ ಮೊದಲ ವಾರದಲ್ಲಿ. ಬರುವುದಾದರೆ ಬಾ, ಓಡಿಸುವವಳು ನಾನೇ.