ಅಳತೆ ಪುಸ್ತಕದ ಕೊನೆಯ ಕಾಲಂ

ಮಾರ್ಚ್ ೧೪, ಭಾನುವಾರ
ಅಂಗಡಿಯಿಂದ

ನನ್ನ ಮಾಸ್ಟ್ರೇ,

ಹೇಗಿದ್ದೀರಿ? ಆರು ವಾರದಿಂದ ಒಂದು ಗೆರೆಯನ್ನೂ ಬರೆದಿಲ್ಲ, ತಪ್ಪಾಯಿತು. ಲಕ್ವ ಹೊಡೆದ ಮೇಲೆ ಫೋನಿನಲ್ಲಾದರೆ ಮಾತು ಸಿಗದೆ ನಿಮಗೆ ಅಳು ಬರುತ್ತದೆ, ನಿಮ್ಮ ಅಳು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಓದುವುದಕ್ಕೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕಾಗದವೇ ಸರಿ ಎಂದವಳು ನಾನೇ. ಆಮೇಲೆ ಬರೆಯದೆ ಕೂತವಳೂ ನಾನೇ.

ಕಾರಣ ನಿಮಗೆ ಗೊತ್ತು. ಕಳೆದ ಸಲ ನಿಮ್ಮ ಆರೈಕೆ ಕೇಂದ್ರಕ್ಕೆ ಬಂದಾಗ ನಿಮ್ಮ ವ್ಯಾಯಾಮದ ಡಾಕ್ಟರಮ್ಮ ನಿಮ್ಮನ್ನು ಚಾಪೆಯ ಮೇಲೆ ಮಲಗಿಸಿ, "ಮನೇಲಿ ಇವ್ರು ಬಿದ್ರೆ ಏನ್ಮಾಡ್ತೀರಿ? ಒಬ್ರೇ ಎಬ್ಬಿಸಿ ಕುರ್ಚಿಲಿ ಕೂರ್ಸಿ ತೋರ್ಸಿ, ಆಮೇಲೆ ಕರ್ಕೊಂಡು ಹೋಗಿ" ಅಂದರಲ್ಲ. ನಾನು ಎತ್ತಲು ಹೋಗಿ ಇಬ್ಬರೂ ಮೂಟೆಯ ಮೇಲೆ ಮೂಟೆ ಬಿದ್ದಂತೆ ಬಿದ್ದೆವು. ನಾನು ನಗಲು ನೋಡಿದೆ. ನೀವು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರಿ. ಈ ಶನಿವಾರ ಮತ್ತೆ ಪರೀಕ್ಷೆ. ಈಗಲೂ ಆಗದಿದ್ದರೆ ಇನ್ನು ಆರು ತಿಂಗಳು ನೀವು ಅಲ್ಲೇ.

ಆಗುತ್ತದೆ ಮಾಸ್ಟ್ರೇ. ಅದನ್ನು ಹೇಳಲೆಂದೇ ಈ ಕಾಗದ.

ಅವತ್ತು ಮನೆಗೆ ಬಂದವಳೇ ಬೀದಿಯ ತುದಿಯ ಜಿಮ್ಮಿಗೆ ಹೋದೆ. ಅದು ಮೂರನೇ ಮಹಡಿಯಲ್ಲಿದೆ. ಹತ್ತಿ ಮುಟ್ಟುವಷ್ಟರಲ್ಲಿ ನನ್ನ ವ್ಯಾಯಾಮ ಮುಗಿದಿತ್ತು! ಒಳಗೆ ನಾಲ್ಕೂ ಗೋಡೆಗೆ ಕನ್ನಡಿ. ನಾಲ್ಕು ಕಡೆಯಿಂದ ನನ್ನನ್ನೇ ನೋಡಿಕೊಳ್ಳುವ ಧೈರ್ಯ ಬರಲಿಲ್ಲ. ಅದೂ ಅಲ್ಲದೆ ಅವರು ಬಾಗಿಲು ತೆಗೆಯುವ ಹೊತ್ತಿಗೇ ನಮ್ಮ ಅಂಗಡಿಯೂ ತೆಗೆಯಬೇಕು. ಇಳಿದು ಬಂದು ಡಾಕ್ಟರಮ್ಮನಿಗೇ ಫೋನು ಮಾಡಿದೆ. "ಜಿಮ್ ಯಾಕಮ್ಮ, ನಿಮ್ಮ ಮೈಭಾರ ಇದ್ಯಲ್ಲ, ಅದೇ ಸಾಕು. ಎತ್ತೋದು ಮರ್ತ್ಬಿಡಿ. ಅವ್ರು ಏಳ್ಬೇಕು, ನೀವು ಕಂಬ ಆಗ್ಬೇಕು. ಕಾಲು, ಸೊಂಟ, ಹೆಗಲು ಗಟ್ಟಿ ಮಾಡ್ಕೊಳ್ಳಿ. ದಿನಾ ಎಷ್ಟು ಮಾಡಿದ್ರಿ ಅಂತ ಬರೆದಿಡಿ, ಇಲ್ದಿದ್ರೆ ಮನಸ್ಸು ಸುಳ್ಳು ಹೇಳುತ್ತೆ" ಅಂದರು.

ಬರೆಯುವುದಕ್ಕೆ ನಮ್ಮಲ್ಲಿ ಪುಸ್ತಕಕ್ಕೇನು ಬರ? ನಿಮ್ಮ ಅಳತೆ ಪುಸ್ತಕವನ್ನೇ ತೆಗೆದುಕೊಂಡೆ, ಕಾಲಂ ಎಳೆದೇ ಇದೆಯಲ್ಲ. ಸೊಂಟದ ಕೆಳಗೆ ಬಸ್ಕಿ, ಎದೆಯ ಕೆಳಗೆ ದಂಡ, ಉದ್ದದ ಕೆಳಗೆ ಮೆಟ್ಟಿಲು. ಸಿಟ್ಟು ಬಂದಾಗಲೆಲ್ಲ ನೀವು ಒದೆಯುತ್ತಿದ್ದ ಆ ಮರದ ಸ್ಟೂಲೇ ನನ್ನ ಮೊದಲ ಗುರು. ಕೈ ಊರದೆ ಅದರ ಮೇಲೆ ಕೂತು ಏಳುವುದು. ಮೊದಲ ದಿನ ಐದು. ಆರನೆಯದಕ್ಕೆ ಮಂಡಿ ಕಟಕಟ ಎಂದು ನನಗೇ ಬೈಯಿತು. ದಂಡಕ್ಕೆ ಮೊದಲು ಗೋಡೆ ಹಿಡಿದೆ, ಆಮೇಲೆ ನೀವು ಬಟ್ಟೆ ಕತ್ತರಿಸುವ ಮೇಜಿನ ಅಂಚು, ಈಗ ನೆಲ. ನೆಲದ ಮೇಲೆ ಮೂರೇ ಮೂರು ಬರುತ್ತದೆ, ಅದೂ ಮುಖ ಸಿಂಡರಿಸಿಕೊಂಡು. ಆದರೆ ಸ್ಟೂಲು ಬಿಟ್ಟು ಬಸ್ಕಿ ನಲವತ್ತು ದಾಟಿದೆ. ಶಾಲೆಯಲ್ಲಿ ಲೆಕ್ಕ ತಪ್ಪಿದಾಗಲೂ ನಾನು ಇಷ್ಟು ಬಸ್ಕಿ ಹೊಡೆದವಳಲ್ಲ.

ಒಂದು ಎಡವಟ್ಟಾಯಿತು, ಬೈಯಬೇಡಿ. ನೀವಿಲ್ಲದೆ ಬಟ್ಟೆ ಕತ್ತರಿಸುವವಳೂ ನಾನೇ ತಾನೇ? ನಮ್ಮ ಪೋಸ್ಟ್‌ಮ್ಯಾನ್ ಪ್ಯಾಂಟಿಗೆ ಅಳತೆ ಕೊಟ್ಟಿದ್ದರು, ಸೊಂಟ ಮೂವತ್ತಾರು. ನಾನು ಪಕ್ಕದ ಸಾಲು ನೋಡಿ ಇಪ್ಪತ್ತೆಂಟಕ್ಕೆ ಕತ್ತರಿಸಿಬಿಟ್ಟೆ. ಅದು ಅವತ್ತಿನ ನನ್ನ ಬಸ್ಕಿ! ಪುಣ್ಯಾತ್ಮ ಪರದೆಯ ಹಿಂದೆ ಒಂದು ಕಾಲು ತೂರಿಸಿ, "ಅಮ್ಮಾ, ಇದು ನನ್ನ ಮಗಂದಾ?" ಎಂದು ಕೇಳಿದರು. ನಿಜ ಹೇಳಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಮಾಸ್ಟ್ರು ಬರೋವರೆಗೂ ಹಳೇದೇ ಹಾಕ್ಕೋತೀನಿ ಬಿಡಿ" ಅಂದರು. ಬಟ್ಟೆ ನಾನೇ ಹೊಸದು ತಂದಿಟ್ಟಿದ್ದೇನೆ. ಕತ್ತರಿ ನಿಮ್ಮದೇ ಆಗಬೇಕಂತೆ.

ಮಗಳು ಈಗ ಸಂಜೆ ಕಾಲೇಜಿನಿಂದ ಬಂದವಳೇ ನೆಲದ ಮೇಲೆ ದೊಪ್ಪನೆ ಬಿದ್ದು ನೀವಾಗುತ್ತಾಳೆ. ನಿಮ್ಮ ಹಾಗೆಯೇ ಬಲಗೈ ಬಲಗಾಲು ಸಡಿಲ ಬಿಟ್ಟು, "ನಾನೇನೂ ಸಹಾಯ ಮಾಡಲ್ಲಮ್ಮ, ಅಪ್ಪನ ಥರ ಹಟ ಮಾಡ್ತೀನಿ" ಎನ್ನುತ್ತಾಳೆ. ಅವಳ ಭಾರ ಸಾಲದೆಂದು ನಿಮ್ಮ ಕೋಟು ತೊಡಿಸಿ ಜೇಬುಗಳಲ್ಲಿ ಇಸ್ತ್ರಿಪೆಟ್ಟಿಗೆ, ದೊಡ್ಡ ಕತ್ತರಿ, ತೂಕದ ಬಟ್ಟು ತುಂಬಿದ್ದೆವು. ಮೊದಲ ವಾರ ಕೋಟಿನ ಜೇಬು ಹರಿಯಿತೇ ಹೊರತು ಅವಳು ಏಳಲಿಲ್ಲ. ಮೊನ್ನೆ ಗುರುವಾರ ಸತತ ಐದು ಸಲ ಕುರ್ಚಿಗೆ ತಂದೆ. ಪಕ್ಕಕ್ಕೆ ಹೊರಳಿಸಿ, ಮಂಡಿಗೆ ತಂದು, ಮುಂದೆ ಕುರ್ಚಿ ಇಟ್ಟು, ಹಿಂದಿನಿಂದ ಸೊಂಟ ಹಿಡಿದು. ಐದನೆಯ ಸಲ ಅವಳು ಕುರ್ಚಿಯಲ್ಲಿ ಕೂತು ಅತ್ತಳು. ನಾನು ಅಳಲಿಲ್ಲ, ಪುಸ್ತಕದಲ್ಲಿ ಐದು ಎಂದು ಬರೆದೆ.

ಡಾಕ್ಟರಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ನನ್ನ ಲೆಕ್ಕ ಕೇಳುತ್ತಾರೆ. ಹೋದ ವಾರ ಹೇಳಿದರು: "ಯಾರು ನೋಡೋಕೆ ಬಂದ್ರೂ ನಿಮ್ಮ ಯಜಮಾನ್ರು ಒಂದೇ ಮಾತು ಹೇಳ್ತಾರೆ. ಬಿದ್ದೆ... ಅವ್ಳು... ಓಡಿ ಬಂದ್ಲು... ಅಂತ. ಎಷ್ಟು ಸಲ ಹೇಳಿದ್ರೂ ಸಾಲ್ದು." ಫೋನಿಟ್ಟು ಆ ದಿನ ಮೆಟ್ಟಿಲನ್ನು ಎರಡರಷ್ಟು ಹತ್ತಿದೆ.

ಪುಸ್ತಕವನ್ನೇ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ, ಒಂದೊಂದು ಪುಟವನ್ನೂ ನೋಡಿ. 'ವಿಶೇಷ ಸೂಚನೆ' ಎಂಬ ಕೊನೆಯ ಕಾಲಂನಲ್ಲಿ ಪ್ರತಿದಿನ ಏಳು ಎಂದಿದೆ. ಸೊಂಟ ನೋಯಲಿ, ಜ್ವರ ಬರಲಿ, ಎಲ್ಲ ಮುಗಿದ ಮೇಲೆ ಇನ್ನೂ ಏಳು ಬಸ್ಕಿ. ಅದೇನು ಎಂದು ಮಗಳು ಕೇಳಿದರೂ ಹೇಳಿಲ್ಲ.

ಇನ್ನು ನಿಮ್ಮ ಕೆಲಸ. ಕೊನೆಯ ಪುಟ ನಿಮಗೆಂದು ಖಾಲಿ ಬಿಟ್ಟಿದ್ದೇನೆ. ಮಲಗಿದಲ್ಲೇ ಎಡಗಾಲು ಊರಿ ಸೊಂಟ ಎತ್ತಬೇಕು, ದಿನಕ್ಕೆ ಹತ್ತು. ಎಡಗೈಯಲ್ಲೇ ಬರೆಯಿರಿ, ಅಂಕಿ ಸೊಟ್ಟಗಾದರೆ ಯಾರೂ ಪ್ಯಾಂಟು ಹೊಲಿಯುವುದಿಲ್ಲ. ಕಂಬ ಎಷ್ಟೇ ಗಟ್ಟಿಯಿದ್ದರೂ ಬಳ್ಳಿಗೆ ಹತ್ತುವ ಮನಸ್ಸಿರಬೇಕು. ನೀವು ಹಟಮಾರಿ ಎಂದು ಊರಿಗೆಲ್ಲ ದೂರಿಕೊಂಡು ಬಂದವಳು ನಾನು. ಈಗ ಆ ಹಟ ತೋರಿಸಿ.

ನಿಮ್ಮ ಎಡಗಾಲಿಗೆ ಬಲ ಬರಲಿ, ಬಲಗೈಗೆ ನೆನಪು ಬರಲಿ, ನಿಮ್ಮ ಕುರ್ಚಿ ಮತ್ತೆ ಈ ಮೇಜಿನ ಪಕ್ಕಕ್ಕೆ ಬರಲಿ. ಮಗಳ ನಮಸ್ಕಾರಗಳು.

ಇಂತಿ
ನಿಮ್ಮ ಗುಂಡಿ ಹೊಲಿಯುವವಳು

ಮರೆತ ಮಾತು: ಮರೆತದ್ದಲ್ಲ, ಐದು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡದ್ದು. ನೀವು ಬಿದ್ದ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆಗಾಗಿ ಜಗಳವಾಡಿ ನಾನು ಪರದೆಯ ಹಿಂದೆ ಹೋಗಿ ಕೂತೆನಲ್ಲ, ಆಮೇಲೆ ಸ್ಟೂಲು ಬಿದ್ದ ಸದ್ದು ಕೇಳಿಸಿತು. ನೀವು ಒದ್ದಿರಿ ಎಂದುಕೊಂಡೆ. ನೀವು ಸ್ಟೂಲು ಒದೆಯುವುದು, ಕೈಯಲ್ಲಿದ್ದ ಕೆಲಸ ಮುಗಿಯುವವರೆಗೆ ನಾನು ಕಿವುಡಿಯಾಗುವುದು, ಇಪ್ಪತ್ತು ವರ್ಷದ ನಮ್ಮ ಪದ್ಧತಿ. ಕೈಯಲ್ಲಿ ಒಂದು ಶರಟಿತ್ತು. ಏಳು ಗುಂಡಿ. ಏಳನ್ನೂ ಹೊಲಿದು, ದಾರ ಕಡಿದು, ಆಮೇಲೆ ಬಂದೆ. ಎಷ್ಟು ಹೊತ್ತಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ, ಬಿದ್ದ ತಕ್ಷಣ ಬಂದೆ ಎಂದೆ. ನಾನು ಓಡಿ ಬರಲಿಲ್ಲ, ಮಾಸ್ಟ್ರೇ. ಇನ್ನು ಯಾರಿಗೂ ಹಾಗೆ ಹೇಳಬೇಡಿ. ಶನಿವಾರ ಹತ್ತು ಗಂಟೆಗೆ ಆ ಚಾಪೆಯ ಪಕ್ಕದಲ್ಲಿ ಮಂಡಿಯೂರಿ ಕೂತಿರುತ್ತೇನೆ. ನೀವು ಗೋಡೆಯ ಕಡೆ ತಿರುಗಿದರೂ ಎದ್ದು ಹೋಗುವುದಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕುವುದು ಬಿಡುವುದು ನಿಮಗೆ ಸೇರಿದ್ದು.